ಅಣುಸೂತ್ರ ಹೇಳದೆ ಬಿಡುವ ಸಂಗತಿ: ಸಾವಯವ ಅಣುವಿನ ಬಂಧ, ರಚನೆ ಮತ್ತು ಹೆಸರು

ಎರಡು ಕಾರ್ಬನ್, ಆರು ಹೈಡ್ರೋಜನ್ ಮತ್ತು ಒಂದು ಆಕ್ಸಿಜನ್ ಪರಮಾಣುಗಳಿಂದಾದ ವಸ್ತು ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಈ ಅಣುಸೂತ್ರವುಳ್ಳ ಎಥನಾಲ್ ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿದ್ದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಇದೇ ಅಣುಸೂತ್ರವುಳ್ಳ ಡೈಮೀಥೈಲ್ ಈಥರ್ ಅನಿಲ. ಸಾಮಾನ್ಯ ಒತ್ತಡದಲ್ಲಿ ಅದನ್ನು ದ್ರವವಾಗಿಸಬೇಕಾದರೆ ಶೂನ್ಯಕ್ಕಿಂತ 24 ಡಿಗ್ರಿ ಕೆಳಗೆ ತಣಿಸಬೇಕು. ಸೋಡಿಯಂ ಲೋಹದ ಚೂರನ್ನು ಎಥನಾಲ್‌ಗೆ ಹಾಕಿದರೆ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ, ಈಥರ್ ಹಾಗೆ ವರ್ತಿಸುವುದಿಲ್ಲ. ಎರಡರಲ್ಲೂ ಪರಮಾಣುಗಳ ಲೆಕ್ಕ ಒಂದೇ. ಬೇರೆಯಾಗಿರುವುದು ಯಾವ ಪರಮಾಣು ಯಾವುದಕ್ಕೆ ಅಂಟಿಕೊಂಡಿದೆ ಎಂಬುದು ಮಾತ್ರ: ಎಥನಾಲ್‌ನಲ್ಲಿ ಆಕ್ಸಿಜನ್ ಒಂದು ಕಾರ್ಬನ್ ಮತ್ತು ಒಂದು ಹೈಡ್ರೋಜನ್ ನಡುವೆ ಇದೆ, ಈಥರ್‌ನಲ್ಲಿ ಎರಡು ಕಾರ್ಬನ್‌ಗಳ ನಡುವೆ ಇದೆ.

ಅಣುಸೂತ್ರ ಹೇಳದೆ ಬಿಡುವ ಈ ಸಂಗತಿಯೇ ಸಾವಯವ ರಸಾಯನಶಾಸ್ತ್ರದ ತಳಹದಿ. ಬಂಧ, ರಚನೆ, ನಾಮಕರಣ ಎಂಬ ಮೂರು ವಿಷಯಗಳನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೂರು ಬೇರೆ ಅಧ್ಯಾಯಗಳಾಗಿ ಕಲಿಸುತ್ತವೆ, ಎಷ್ಟೋ ಸಲ ನಾಮಕರಣದ ನಿಯಮಗಳನ್ನೇ ಮೊದಲು ಮುಂದಿಡುತ್ತವೆ. ಈ ಕ್ರಮದಿಂದ ವಿದ್ಯಾರ್ಥಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಎಲೆಕ್ಟ್ರಾನ್‌ಗಳು ಎಲ್ಲಿ ಹಂಚಿಕೆಯಾಗಿವೆ ಎಂಬುದು ಬಂಧವನ್ನು ನಿರ್ಧರಿಸುತ್ತದೆ, ಬಂಧಗಳು ರಚನೆಯನ್ನು ನಿರ್ಧರಿಸುತ್ತವೆ, ಆ ರಚನೆಯನ್ನು ಚಿತ್ರವಿಲ್ಲದೆ ಇನ್ನೊಬ್ಬರಿಗೆ ತಪ್ಪಿಲ್ಲದೆ ತಿಳಿಸುವ ಉಪಾಯವೇ ಹೆಸರು. ಆದ್ದರಿಂದ ಅದೇ ಕ್ರಮದಲ್ಲಿ ಸಾಗೋಣ.

ಕಾರ್ಬನ್‌ನ ನಾಲ್ಕು ಬಂಧಗಳು

ಕಾರ್ಬನ್ ಪರಮಾಣುವಿನಲ್ಲಿ ಆರು ಎಲೆಕ್ಟ್ರಾನ್‌ಗಳಿವೆ. ಅವುಗಳಲ್ಲಿ ಎರಡು ಒಳಕವಚದಲ್ಲಿದ್ದು ಬಂಧಗಳ ವಿಷಯಕ್ಕೆ ಬರುವುದಿಲ್ಲ. ಹೊರಕವಚದಲ್ಲಿರುವ ನಾಲ್ಕು ಮಾತ್ರ ಬಂಧದಲ್ಲಿ ಭಾಗವಹಿಸುತ್ತವೆ. ಹೊರಕವಚ ತುಂಬಲು ಎಂಟು ಎಲೆಕ್ಟ್ರಾನ್‌ಗಳು ಬೇಕು. ನಾಲ್ಕನ್ನು ಪೂರ್ತಿಯಾಗಿ ಬಿಟ್ಟುಕೊಡಲು ತೀರಾ ಹೆಚ್ಚಿನ ಶಕ್ತಿ ಬೇಕಾಗುತ್ತದೆ, ನಾಲ್ಕನ್ನು ಹೊಸದಾಗಿ ಪಡೆದರೆ ಆರು ಪ್ರೋಟಾನ್‌ಗಳ ಪುಟ್ಟ ಬೀಜಕೇಂದ್ರ ಹತ್ತು ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಹೀಗಾಗಿ ಕಾರ್ಬನ್ ಎಲೆಕ್ಟ್ರಾನ್‌ಗಳನ್ನು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ನೆರೆಯ ಪರಮಾಣುವಿನೊಂದಿಗೆ ಹಂಚಿಕೊಳ್ಳುತ್ತದೆ. ಹಂಚಿಕೊಂಡ ಒಂದು ಜೋಡಿ ಎಲೆಕ್ಟ್ರಾನ್‌ಗಳೇ ಒಂದು ಸಹವೇಲೆನ್ಸೀಯ ಬಂಧ ಎಂಬ ವಿಚಾರವನ್ನು ಅಮೆರಿಕದ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಮಂಡಿಸಿದರು. ನಾವು ಕಾಗದದ ಮೇಲೆ ಎರಡು ಪರಮಾಣುಗಳ ನಡುವೆ ಎಳೆಯುವ ಪ್ರತಿಯೊಂದು ಗೆರೆಯೂ ಅಂಥ ಒಂದು ಜೋಡಿ.

ಇದರಿಂದ ಒಂದು ಸರಳ ಲೆಕ್ಕ ಸಿಗುತ್ತದೆ. ವಿದ್ಯುದಾವೇಶವಿಲ್ಲದ ಸಾಮಾನ್ಯ ಅಣುಗಳಲ್ಲಿ ಕಾರ್ಬನ್‌ಗೆ ನಾಲ್ಕು ಬಂಧ, ನೈಟ್ರೋಜನ್‌ಗೆ ಮೂರು, ಆಕ್ಸಿಜನ್‌ಗೆ ಎರಡು, ಹೈಡ್ರೋಜನ್ ಮತ್ತು ಕ್ಲೋರಿನ್‌ನಂಥ ಹ್ಯಾಲೋಜನ್‌ಗಳಿಗೆ ಒಂದು. ನೈಟ್ರೋಜನ್ ಮತ್ತು ಆಕ್ಸಿಜನ್‌ಗಳಲ್ಲಿ ಬಂಧಕ್ಕೆ ಸೇರದೆ ಉಳಿದ ಎಲೆಕ್ಟ್ರಾನ್ ಜೋಡಿಗಳಿರುತ್ತವೆ, ಅನೇಕ ಕ್ರಿಯೆಗಳು ಆರಂಭವಾಗುವುದೇ ಆ ಜೋಡಿಗಳಿಂದ. ಆರಂಭದ ತಿಂಗಳುಗಳಲ್ಲಿ ಬರೆಯುವ ರಚನೆಗಳಲ್ಲಿ ಆಗುವ ತಪ್ಪುಗಳ ಪೈಕಿ ಬಹುಪಾಲು ಈ ಲೆಕ್ಕವನ್ನು ಮರೆತದ್ದರಿಂದಲೇ ಆಗುತ್ತವೆ. ಐದು ಗೆರೆಗಳಿರುವ ಕಾರ್ಬನ್ ಎಲ್ಲಿ ಕಂಡರೂ ಅಲ್ಲೇ ನಿಂತು ತಿದ್ದಬೇಕು.

ಕಾರ್ಬನ್‌ಗೆ ನಾಲ್ಕು ಬಂಧಗಳಿವೆ, ಕಾರ್ಬನ್ ಪರಮಾಣುಗಳು ತಮ್ಮತಮ್ಮಲ್ಲೇ ಸೇರಿ ಸರಪಳಿಯಾಗಬಲ್ಲವು ಎಂಬ ಎರಡು ತೀರ್ಮಾನಗಳಿಗೆ ಜರ್ಮನಿಯ ಆಗಸ್ಟ್ ಕೆಕುಲೆ ಮತ್ತು ಸ್ಕಾಟ್ಲೆಂಡ್‌ನ ಆರ್ಚಿಬಾಲ್ಡ್ ಕೂಪರ್ ಸ್ವತಂತ್ರವಾಗಿ ಬಂದದ್ದು 1858ರಲ್ಲಿ. ಆಗ ಎಲೆಕ್ಟ್ರಾನ್ ಎಂಬ ಕಣ ಪತ್ತೆಯೇ ಆಗಿರಲಿಲ್ಲ. ಅದು ಬೆಳಕಿಗೆ ಬಂದದ್ದು 1897ರಲ್ಲಿ. ಕಾಣದ ಅಣುವಿನ ಒಳಗಿನ ಜೋಡಣೆಯನ್ನು ಆ ಕಾಲದವರು ತಿಳಿದುಕೊಂಡದ್ದು ಎಷ್ಟು ಬಗೆಯ ವಸ್ತುಗಳು ನಿಜವಾಗಿ ಸಿಗುತ್ತವೆ ಎಂದು ಎಣಿಸುವುದರಿಂದ. ಈ ಎಣಿಕೆಯ ತರ್ಕ ಮುಂದೆಯೂ ಎರಡು ಕಡೆ ಬರಲಿದೆ.

ಸರಪಳಿ ಕಟ್ಟುವ ಸಾಮರ್ಥ್ಯಕ್ಕೆ ಕೆಟನೀಕರಣ ಎಂದು ಹೆಸರು. ಬೇರೆ ಧಾತುಗಳಿಗೂ ಅದು ಸ್ವಲ್ಪಮಟ್ಟಿಗೆ ಇದೆ, ಆದರೆ ಕಾರ್ಬನ್‌ಗೆ ಇರುವಷ್ಟು ಇಲ್ಲ. ಕಾರಣ ಬಂಧದ ಬಲದಲ್ಲಿದೆ. ಎರಡು ಕಾರ್ಬನ್‌ಗಳ ನಡುವಿನ ಏಕಬಂಧವನ್ನು ಮುರಿಯಲು ಒಂದು ಮೋಲ್‌ಗೆ (ಮೋಲ್ ಎಂದರೆ ರಸಾಯನಶಾಸ್ತ್ರದಲ್ಲಿ ಕಣಗಳನ್ನು ಎಣಿಸುವ ಮಾನ) ಸುಮಾರು 347 ಕಿಲೋಜೂಲ್ ಶಕ್ತಿ ಬೇಕು. ಎರಡು ನೈಟ್ರೋಜನ್‌ಗಳ ನಡುವಿನ ಏಕಬಂಧಕ್ಕೆ ಸುಮಾರು 160, ಎರಡು ಆಕ್ಸಿಜನ್‌ಗಳದ್ದಕ್ಕೆ ಸುಮಾರು 145 ಕಿಲೋಜೂಲ್ ಸಾಕು. ಆವರ್ತ ಕೋಷ್ಟಕದಲ್ಲಿ ಕಾರ್ಬನ್‌ನ ಕೆಳಗಿನ ಮನೆಯಲ್ಲೇ ಇರುವ ಸಿಲಿಕಾನ್‌ಗೂ ನಾಲ್ಕು ಬಂಧಗಳಿವೆ, ಆದರೆ ಅದರ ಪರಮಾಣುಗಳ ನಡುವಿನ ಬಂಧ ಸುಮಾರು 225 ಕಿಲೋಜೂಲ್‌ನಷ್ಟು ಮಾತ್ರ. ಆಕ್ಸಿಜನ್ ಜೊತೆಗಿನ ಅದರ ಬಂಧ ಇದರ ಸುಮಾರು ಎರಡರಷ್ಟು ಬಲವಾದದ್ದು. ಆದ್ದರಿಂದಲೇ ಸಿಲಿಕಾನ್ ಭೂಮಿಯ ಹೊರಪದರದಲ್ಲಿ ಹೇರಳವಾಗಿದ್ದರೂ ಆಕ್ಸಿಜನ್‌ನೊಂದಿಗೆ ಸೇರಿ ಮರಳು, ಕಲ್ಲುಗಳ ರೂಪದಲ್ಲಿದೆ, ಉದ್ದ ಸರಪಳಿಗಳಾಗಿ ಅಲ್ಲ.

ಇಲ್ಲಿ ಬಂಧದ ಇನ್ನೊಂದು ಗುಣವನ್ನೂ ಹೇಳಿಬಿಡಬೇಕು. ಹಂಚಿಕೆ ಎಂದರೆ ಸಮಪಾಲು ಎಂದಲ್ಲ. ಎಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆಯುವ ಪ್ರವೃತ್ತಿಯಾದ ವಿದ್ಯುದೃಣತ್ವವು ಪಾಲಿಂಗ್ ಮಾನದಲ್ಲಿ ಹೈಡ್ರೋಜನ್‌ಗೆ 2.20, ಕಾರ್ಬನ್‌ಗೆ 2.55, ಆಕ್ಸಿಜನ್‌ಗೆ 3.44. ಕಾರ್ಬನ್ ಮತ್ತು ಹೈಡ್ರೋಜನ್ ಬಹುತೇಕ ಸಮನಾಗಿ ಹಂಚಿಕೊಳ್ಳುತ್ತವೆ, ಹಾಗಾಗಿ ಅವೆರಡೇ ಇರುವ ಹೈಡ್ರೋಕಾರ್ಬನ್‌ಗಳು ನೀರಿನಲ್ಲಿ ಬೆರೆಯುವುದಿಲ್ಲ. ಆಕ್ಸಿಜನ್ ಸೇರಿದ ಕಡೆ ಜೋಡಿ ಅದರತ್ತ ವಾಲಿ, ಆಕ್ಸಿಜನ್ ತುಸು ಋಣಾವೇಶವನ್ನೂ ನೆರೆಯ ಕಾರ್ಬನ್ ಅಥವಾ ಹೈಡ್ರೋಜನ್ ತುಸು ಧನಾವೇಶವನ್ನೂ ಪಡೆಯುತ್ತದೆ. ಎಥನಾಲ್ ಅಣುವಿನ ಆಕ್ಸಿಜನ್‌ಗೆ ಅಂಟಿದ ಹೈಡ್ರೋಜನ್, ಪಕ್ಕದ ಅಣುವಿನ ಆಕ್ಸಿಜನ್‌ಗೆ ಆಕರ್ಷಿತವಾಗುವುದು ಇದರಿಂದಲೇ. ಈ ಹೈಡ್ರೋಜನ್ ಬಂಧವನ್ನು ಬಿಡಿಸಲು ಹೆಚ್ಚು ಶಾಖ ಬೇಕು. ಈಥರ್‌ನಲ್ಲಿ ಆಕ್ಸಿಜನ್‌ಗೆ ಅಂಟಿದ ಹೈಡ್ರೋಜನ್ ಇಲ್ಲವಾದ್ದರಿಂದ ಅದರ ಅಣುಗಳು ಸುಲಭವಾಗಿ ಬೇರ್ಪಡುತ್ತವೆ. ಕುದಿಬಿಂದುಗಳ ನಡುವೆ ನೂರು ಡಿಗ್ರಿಗೂ ಮೀರಿದ ಅಂತರ ಹುಟ್ಟುವುದು ಹೀಗೆ.

ಅಣುವಿಗೂ ಆಕಾರವುಂಟು

ಕಾಗದದ ಮೇಲೆ ಮೀಥೇನನ್ನು ಬರೆಯುವಾಗ ಕಾರ್ಬನ್ ಮಧ್ಯದಲ್ಲಿಟ್ಟು ನಾಲ್ಕು ದಿಕ್ಕಿಗೆ ನಾಲ್ಕು ಹೈಡ್ರೋಜನ್ ಬರೆಯುತ್ತೇವೆ. ನಿಜವಾದ ಅಣು ಹಾಗೆ ಚಪ್ಪಟೆಯಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಎರಡು ಹೈಡ್ರೋಜನ್‌ಗಳ ಜಾಗದಲ್ಲಿ ಎರಡು ಕ್ಲೋರಿನ್‌ಗಳನ್ನು ಇಟ್ಟಾಗ, ಅವು ಅಕ್ಕಪಕ್ಕದ ಮೂಲೆಗಳಲ್ಲಿರುವ ಒಂದು ವಸ್ತುವೂ ಎದುರುಬದುರು ಮೂಲೆಗಳಲ್ಲಿರುವ ಇನ್ನೊಂದು ವಸ್ತುವೂ ಸಿಗಬೇಕಿತ್ತು. ಡೈಕ್ಲೋರೋಮೀಥೇನ್ ಇರುವುದು ಒಂದೇ ಬಗೆ. ನಾಲ್ಕು ಬಂಧಗಳು ಒಂದು ಚತುಷ್ಫಲಕದ, ಅಂದರೆ ನಾಲ್ಕು ತ್ರಿಕೋನ ಮುಖಗಳ ಘನಾಕೃತಿಯ, ನಾಲ್ಕು ಮೂಲೆಗಳತ್ತ ಚಾಚಿಕೊಂಡಿದ್ದರೆ ಮಾತ್ರ ಯಾವ ಎರಡು ಮೂಲೆಗಳನ್ನು ಆರಿಸಿದರೂ ಒಂದೇ ಫಲಿತಾಂಶ ಬರುತ್ತದೆ. ನೆದರ್ಲೆಂಡ್ಸ್‌ನ ವ್ಯಾಂಟ್ ಹಾಫ್ ಮತ್ತು ಫ್ರಾನ್ಸ್‌ನ ಲೆ ಬೆಲ್ 1874ರಲ್ಲಿ, ಇಬ್ಬರೂ ಇಪ್ಪತ್ತರ ಹರೆಯದವರಾಗಿದ್ದಾಗ, ಪ್ರತ್ಯೇಕವಾಗಿ ಈ ಚತುಷ್ಫಲಕ ಕಾರ್ಬನ್‌ನ ಕಲ್ಪನೆಯನ್ನು ಮುಂದಿಟ್ಟರು. ಮೀಥೇನ್‌ನಲ್ಲಿ ಯಾವ ಎರಡು ಬಂಧಗಳ ನಡುವಿನ ಕೋನವನ್ನು ಅಳೆದರೂ ಅದು 109.5 ಡಿಗ್ರಿ. ಎಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ದೂಡಿಕೊಂಡು ಸಾಧ್ಯವಾದಷ್ಟು ದೂರ ನಿಂತಾಗ ಬರುವ ಕೋನ ಇದೇ.

ಕ್ವಾಂಟಂ ಸಿದ್ಧಾಂತ ಬಂದ ಮೇಲೆ ಒಂದು ತೊಡಕು ಎದುರಾಯಿತು. ಕಾರ್ಬನ್‌ನ ಹೊರಕವಚದಲ್ಲಿ ಒಂದು ಎಸ್ ಕಕ್ಷಕ ಮತ್ತು ಮೂರು ಪಿ ಕಕ್ಷಕಗಳಿವೆ. ಕಕ್ಷಕ ಎಂದರೆ ಎಲೆಕ್ಟ್ರಾನ್ ಇರುವ ಸಾಧ್ಯತೆ ಹೆಚ್ಚಿರುವ ಪ್ರದೇಶ. ಎಸ್ ಗೋಲಾಕಾರದ್ದು, ಮೂರು ಪಿಗಳು ಪರಸ್ಪರ ಲಂಬವಾಗಿವೆ. ಇವುಗಳಿಂದ ಸಮಾನವಾದ ನಾಲ್ಕು ಬಂಧಗಳು ಹೇಗೆ ಬಂದವು? ಲೈನಸ್ ಪಾಲಿಂಗ್ 1931ರಲ್ಲಿ ಕೊಟ್ಟ ಉತ್ತರ ಸಂಕರೀಕರಣ: ಒಂದು ಎಸ್ ಮತ್ತು ಮೂರು ಪಿಗಳನ್ನು ಗಣಿತೀಯವಾಗಿ ಬೆರೆಸಿದರೆ ಚತುಷ್ಫಲಕದ ಮೂಲೆಗಳತ್ತ ಮುಖಮಾಡಿದ ನಾಲ್ಕು ಸಮಾನ ಎಸ್‌ಪಿ³ ಕಕ್ಷಕಗಳು ದೊರೆಯುತ್ತವೆ. ಮೂರು ನೆರೆಯವರಿರುವ ಕಾರ್ಬನ್‌ನಲ್ಲಿ ಎರಡು ಪಿಗಳಷ್ಟೇ ಬೆರೆತು ಎಸ್‌ಪಿ² ಆಗುತ್ತದೆ, ಕೋನ ಸುಮಾರು 120 ಡಿಗ್ರಿ. ಇಬ್ಬರು ನೆರೆಯವರಿದ್ದಲ್ಲಿ ಎಸ್‌ಪಿ, ಕೋನ 180 ಡಿಗ್ರಿ. ಪರಮಾಣು ಮೊದಲು ಸಂಕರಗೊಂಡು ಆಮೇಲೆ ಬಂಧ ಕಟ್ಟುತ್ತದೆ ಎಂಬಂತೆ ಇದನ್ನು ಘಟನಾವಳಿಯಾಗಿ ಕಲಿಸುವುದುಂಟು. ಅದು ಸರಿಯಲ್ಲ. ಸಂಕರೀಕರಣ ಪರಮಾಣು ಮಾಡುವ ಕೆಲಸವಲ್ಲ, ಅಳೆದು ತಿಳಿದ ಆಕಾರವನ್ನು ವಿವರಿಸಲು ನಾವು ಬಳಸುವ ಲೆಕ್ಕ.

ಬೆರೆಯದೆ ಉಳಿದ ಪಿ ಕಕ್ಷಕಕ್ಕೆ ಮುಖ್ಯವಾದ ಪಾತ್ರವಿದೆ. ಎರಡು ಪರಮಾಣುಗಳನ್ನು ಸೇರಿಸುವ ಅಕ್ಷದ ಮೇಲೆಯೇ ಕಕ್ಷಕಗಳು ನೇರವಾಗಿ ಒಂದರೊಳಗೊಂದು ಸೇರಿದಾಗ ಆಗುವುದು ಸಿಗ್ಮಾ ಬಂಧ. ಪಕ್ಕಪಕ್ಕದಲ್ಲಿ ಸಮಾಂತರವಾಗಿ ನಿಂತ ಎರಡು ಪಿ ಕಕ್ಷಕಗಳು ಅಕ್ಷದ ಮೇಲೂ ಕೆಳಗೂ ಸೇರಿದಾಗ ಆಗುವುದು ಪೈ ಬಂಧ. ಏಕಬಂಧವೆಂದರೆ ಒಂದು ಸಿಗ್ಮಾ. ದ್ವಿಬಂಧವೆಂದರೆ ಒಂದು ಸಿಗ್ಮಾ ಮತ್ತು ಒಂದು ಪೈ. ತ್ರಿಬಂಧವೆಂದರೆ ಒಂದು ಸಿಗ್ಮಾ ಮತ್ತು ಎರಡು ಪೈ. ಬಂಧಗಳ ಸಂಖ್ಯೆ ಏರಿದಂತೆ ಕಾರ್ಬನ್‌ಗಳು ಹತ್ತಿರವಾಗುತ್ತವೆ: ಏಕಬಂಧವಿರುವ ಈಥೇನ್‌ನಲ್ಲಿ ಅವುಗಳ ನಡುವಿನ ದೂರ 154 ಪಿಕೋಮೀಟರ್ (ಪಿಕೋಮೀಟರ್ ಎಂದರೆ ಮೀಟರ್‌ನ ಲಕ್ಷ ಕೋಟಿಯಲ್ಲೊಂದು ಭಾಗ), ದ್ವಿಬಂಧವಿರುವ ಈಥೀನ್‌ನಲ್ಲಿ 134, ತ್ರಿಬಂಧವಿರುವ ಈಥೈನ್‌ನಲ್ಲಿ 120. ಬಲವೂ ಏರುತ್ತದೆ, ಆದರೆ ಎರಡರಷ್ಟು ಮೂರರಷ್ಟಾಗಿ ಅಲ್ಲ. ದ್ವಿಬಂಧದ ಶಕ್ತಿ ಸುಮಾರು 614 ಕಿಲೋಜೂಲ್. ಅದರಿಂದ ಏಕಬಂಧದ 347ನ್ನು ಕಳೆದರೆ ಪೈ ಬಂಧದ ಪಾಲಿಗೆ ಉಳಿಯುವುದು ಸುಮಾರು 267. ಪೈ ಬಂಧ ಸಿಗ್ಮಾಕ್ಕಿಂತ ದುರ್ಬಲ, ಜೊತೆಗೆ ಅದರ ಎಲೆಕ್ಟ್ರಾನ್‌ಗಳು ಅಣುವಿನ ಮೇಲುಮೈಯಲ್ಲಿ ತೆರೆದುಕೊಂಡಿವೆ. ಬ್ರೋಮಿನ್ ದ್ರಾವಣದ ಬಣ್ಣವನ್ನು ಈಥೀನ್ ಬೇಗನೆ ಅಳಿಸಿಹಾಕಿ, ಕತ್ತಲಲ್ಲಿಟ್ಟ ಈಥೇನ್ ಏನೂ ಮಾಡದೆ ಇರುವುದಕ್ಕೆ ಕಾರಣ ಇದು.

ತಿರುಗುವಿಕೆಯ ವಿಷಯದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಏಕಬಂಧದ ಸುತ್ತ ಅಣುವಿನ ಎರಡು ತುದಿಗಳು ತಿರುಗಬಲ್ಲವು. ಈಥೇನ್‌ನಲ್ಲಿ ಅದಕ್ಕೆ ಇರುವ ತಡೆ ಮೋಲ್‌ಗೆ ಸುಮಾರು 12 ಕಿಲೋಜೂಲ್, ಸಾಮಾನ್ಯ ಉಷ್ಣತೆಯಲ್ಲಿ ಅಣುಗಳು ಅದನ್ನು ಲೀಲಾಜಾಲವಾಗಿ ದಾಟುತ್ತವೆ. ದ್ವಿಬಂಧದ ಸುತ್ತ ತಿರುಗಬೇಕಾದರೆ ಪೈ ಬಂಧವೇ ಮುರಿಯಬೇಕು.

ಕಾಗದದ ಮೇಲೆ ಅಣು

ಪ್ರತಿ ಪರಮಾಣುವನ್ನೂ ಪ್ರತಿ ಬಂಧವನ್ನೂ ಬರೆಯುವ ಪೂರ್ಣ ರಚನಾ ಸೂತ್ರ ಸಣ್ಣ ಅಣುಗಳಿಗೆ ಸರಿ, ದೊಡ್ಡ ಅಣುಗಳಿಗೆ ಅದು ಕಣ್ಣಿಗೂ ಕೈಗೂ ಶ್ರಮ. ರಸಾಯನಶಾಸ್ತ್ರಜ್ಞರು ದಿನನಿತ್ಯ ಬಳಸುವುದು ಗೆರೆರಚನೆ. ಅದರಲ್ಲಿ ಕಾರ್ಬನ್ ಸರಪಳಿಯನ್ನು ಅಂಕುಡೊಂಕು ಗೆರೆಯಾಗಿ ಎಳೆಯುತ್ತಾರೆ. ಪ್ರತಿ ತಿರುವಿನಲ್ಲೂ ಪ್ರತಿ ತುದಿಯಲ್ಲೂ ಒಂದು ಕಾರ್ಬನ್ ಇದೆ ಎಂದು ತಿಳಿಯಬೇಕು. ಕಾರ್ಬನ್‌ಗೆ ಅಂಟಿದ ಹೈಡ್ರೋಜನ್‌ಗಳನ್ನು ಬರೆಯುವುದೇ ಇಲ್ಲ, ನಾಲ್ಕಕ್ಕೆ ಎಷ್ಟು ಕಡಿಮೆಯೋ ಅಷ್ಟು ಹೈಡ್ರೋಜನ್ ಇದೆ ಎಂದು ಓದುಗರೇ ಎಣಿಸಿಕೊಳ್ಳುತ್ತಾರೆ. ತುದಿಯ ಕಾರ್ಬನ್‌ಗೆ ಒಂದು ಗೆರೆ ಇದ್ದರೆ ಮೂರು ಹೈಡ್ರೋಜನ್, ಎರಡು ಗೆರೆ ಸೇರುವ ತಿರುವಿನಲ್ಲಿ ಎರಡು, ಮೂರು ಗೆರೆ ಸೇರುವಲ್ಲಿ ಒಂದು. ಆಕ್ಸಿಜನ್, ನೈಟ್ರೋಜನ್ ಮುಂತಾದ ಇತರ ಪರಮಾಣುಗಳನ್ನೂ ಅವುಗಳಿಗೆ ಅಂಟಿದ ಹೈಡ್ರೋಜನ್‌ಗಳನ್ನೂ ಮಾತ್ರ ಬಾಯಿಬಿಟ್ಟು ಹೇಳಲಾಗುತ್ತದೆ. ಮೊದಮೊದಲು ಇದು ಗೂಢಲಿಪಿಯಂತೆ ಕಂಡರೂ, ಅಣುವಿನಲ್ಲಿ ಎಲ್ಲಿ ಏನಾದರೂ ನಡೆಯಬಹುದೋ ಆ ಜಾಗಗಳನ್ನಷ್ಟೇ ಎದ್ದು ಕಾಣಿಸುವುದು ಇದರ ಹೆಚ್ಚುಗಾರಿಕೆ.

ಚಿತ್ರ ಬರೆಯುವ ಮೊದಲೇ ಅಣುಸೂತ್ರದಿಂದ ಒಂದು ಸುಳಿವನ್ನು ಹಿಂಡಿ ತೆಗೆಯಬಹುದು. ಉಂಗುರವಾಗಲಿ ಪೈ ಬಂಧವಾಗಲಿ ಇಲ್ಲದ ಪರ್ಯಾಪ್ತ ಹೈಡ್ರೋಕಾರ್ಬನ್‌ನಲ್ಲಿ, ಕಾರ್ಬನ್‌ಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ ಎರಡು ಕೂಡಿಸಿದಷ್ಟು ಹೈಡ್ರೋಜನ್‌ಗಳಿರುತ್ತವೆ. ಪ್ರತಿಯೊಂದು ಪೈ ಬಂಧವೂ ಪ್ರತಿಯೊಂದು ಉಂಗುರವೂ ಎರಡು ಹೈಡ್ರೋಜನ್‌ಗಳನ್ನು ಕಳೆಯುತ್ತದೆ. ಆಕ್ಸಿಜನ್ ಸೇರಿದರೆ ಈ ಲೆಕ್ಕ ಬದಲಾಗುವುದಿಲ್ಲ. ಆರು ಕಾರ್ಬನ್‌ಗಳ ಬೆಂಜೀನ್‌ನಲ್ಲಿ ಹದಿನಾಲ್ಕು ಹೈಡ್ರೋಜನ್ ಇರಬೇಕಾದಲ್ಲಿ ಆರೇ ಇವೆ. ಎಂಟು ಕಡಿಮೆ, ಅಂದರೆ ಉಂಗುರ ಮತ್ತು ಪೈ ಬಂಧಗಳು ಸೇರಿ ನಾಲ್ಕು.

ಒಂದೇ ಅಣುಸೂತ್ರವಿದ್ದು ಜೋಡಣೆ ಬೇರೆಯಾಗಿರುವ ಸಂಯುಕ್ತಗಳು ರಚನಾ ಸಮಾಂಗಿಗಳು. ಉಂಗುರವಿಲ್ಲದ, ಬರೀ ಏಕಬಂಧಗಳಿರುವ ಹೈಡ್ರೋಕಾರ್ಬನ್‌ಗೆ ಆಲ್ಕೇನ್ ಎನ್ನುತ್ತಾರೆ. ನಾಲ್ಕು ಕಾರ್ಬನ್‌ಗಳ ಆಲ್ಕೇನ್‌ಗೆ ಎರಡು ಸಮಾಂಗಿಗಳು, ಐದಕ್ಕೆ ಮೂರು, ಆರಕ್ಕೆ ಐದು, ಏಳಕ್ಕೆ ಒಂಬತ್ತು, ಎಂಟಕ್ಕೆ 18, ಹತ್ತಕ್ಕೆ 75; ಇಪ್ಪತ್ತು ಕಾರ್ಬನ್‌ಗಳಾದರೆ ಸಾಧ್ಯತೆಗಳು 3,66,319. ಐದು ಕಾರ್ಬನ್‌ಗಳ ಮೂರನ್ನೇ ಗಮನಿಸಿ: ನೇರ ಸರಪಳಿಯದ್ದು 36 ಡಿಗ್ರಿಯಲ್ಲಿ ಕುದಿಯುತ್ತದೆ, ಒಂದು ಕವಲಿರುವುದು 28ರಲ್ಲಿ, ಎರಡು ಕವಲುಗಳಿಂದ ಗುಂಡಗಾದದ್ದು 9.5ರಲ್ಲಿ. ಕವಲು ಹೆಚ್ಚಿದಂತೆ ಅಣುಗಳು ಪರಸ್ಪರ ತಾಗುವ ಮೈ ಕಡಿಮೆಯಾಗಿ ಅವುಗಳ ನಡುವಿನ ಸೆಳೆತವೂ ಕಡಿಮೆಯಾಗುತ್ತದೆ. ಇಷ್ಟು ಸಮಾಂಗಿಗಳಿಗೆ ಮನಬಂದಂತೆ ಹೆಸರಿಟ್ಟುಕೊಂಡು ಹೋಗುವುದು ಆಗದ ಮಾತು.

ಹೆಸರೆಂಬ ವಿಳಾಸ

ವ್ಯವಸ್ಥಿತ ನಾಮಕರಣಕ್ಕಾಗಿ ರಸಾಯನಶಾಸ್ತ್ರಜ್ಞರು ಜಿನೀವಾದಲ್ಲಿ ಸಭೆ ಸೇರಿದ್ದು 1892ರಲ್ಲಿ. 1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರ ಒಕ್ಕೂಟ, ಅಂದರೆ ಐಯುಪಿಎಸಿ, ಆ ಕೆಲಸವನ್ನು ಮುಂದುವರಿಸಿಕೊಂಡು ಬಂದಿದೆ. ಅದರ ನಿಯಮಗಳ ಗ್ರಂಥ ದಪ್ಪವಾದದ್ದು, ಆದರೆ ಎಲ್ಲ ನಿಯಮಗಳ ಹಿಂದಿನ ಬೇಡಿಕೆ ಒಂದೇ: ಹೆಸರನ್ನು ಓದಿದವರು ಅದೇ ರಚನೆಯನ್ನು ಬರೆಯಬೇಕು, ಬೇರೆ ಯಾವುದನ್ನೂ ಬರೆಯುವಂತಾಗಬಾರದು.

ಹೆಸರಿನ ನಡುವೆ ಇರುವುದು ಮೂಲಪದ. ಅದು ಮುಖ್ಯ ಸರಪಳಿಯಲ್ಲಿ ಎಷ್ಟು ಕಾರ್ಬನ್‌ಗಳಿವೆ ಎಂದು ಹೇಳುತ್ತದೆ: ಒಂದಕ್ಕೆ ಮೆಥ್, ಎರಡಕ್ಕೆ ಎಥ್, ಮೂರಕ್ಕೆ ಪ್ರೋಪ್, ನಾಲ್ಕಕ್ಕೆ ಬ್ಯೂಟ್, ಐದರಿಂದ ಮುಂದೆ ಪೆಂಟ್, ಹೆಕ್ಸ್, ಹೆಪ್ಟ್ ಎಂದು ಗ್ರೀಕ್ ಎಣಿಕೆ ಶುರುವಾಗುತ್ತದೆ. ಅದರ ಬೆನ್ನಿಗೆ ಬರುವುದು ಬಂಧದ ಸೂಚನೆ. ಎಲ್ಲ ಏಕಬಂಧಗಳಾದರೆ ಏನ್, ದ್ವಿಬಂಧವಿದ್ದರೆ ಈನ್, ತ್ರಿಬಂಧವಿದ್ದರೆ ಐನ್. ಕೊನೆಯಲ್ಲಿ ಮುಖ್ಯ ಕ್ರಿಯಾ ಗುಂಪಿನ (ಅಣುವಿನ ವರ್ತನೆಯನ್ನು ನಿರ್ಧರಿಸುವ ಪರಮಾಣುಗಳ ಗುಂಪಿನ) ಅಂತ್ಯಪ್ರತ್ಯಯ, ಮೊದಲಲ್ಲಿ ಕವಲುಗಳ ಹಾಗೂ ಉಳಿದ ಗುಂಪುಗಳ ಪೂರ್ವಪ್ರತ್ಯಯಗಳು. ಅಂಕೆಗಳು ಜಾಗವನ್ನು ಹೇಳುತ್ತವೆ.

ಕಲಿಯುವವರು ಮುಗ್ಗರಿಸುವುದು ಮೂಲಪದವನ್ನು ಆರಿಸುವಾಗಲೇ. ಕಾಗದದಲ್ಲಿ ಅಡ್ಡಡ್ಡವಾಗಿ ಕಾಣುವ ಸರಪಳಿಯೇ ಉದ್ದವಾದದ್ದು ಎಂದು ಕಣ್ಣು ನಂಬುತ್ತದೆ. ಐದು ಕಾರ್ಬನ್‌ಗಳನ್ನು ಸಾಲಾಗಿ ಬರೆದು, ಎರಡನೆಯದಕ್ಕೆ ಎರಡು ಕಾರ್ಬನ್‌ಗಳ ಈಥೈಲ್ ಗುಂಪನ್ನೂ ನಾಲ್ಕನೆಯದಕ್ಕೆ ಒಂದು ಕಾರ್ಬನ್‌ನ ಮೀಥೈಲ್ ಗುಂಪನ್ನೂ ನೇತುಹಾಕಿದರೆ, 2-ಈಥೈಲ್-4-ಮೀಥೈಲ್‌ಪೆಂಟೇನ್ ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಈಥೈಲ್‌ನ ತುದಿಯಿಂದ ಹೊರಟು ಎರಡನೆಯ ಕಾರ್ಬನ್‌ಗೆ ಇಳಿದು ಕೊನೆಯವರೆಗೆ ನಡೆದರೆ ಆರು ಕಾರ್ಬನ್‌ಗಳ ಸರಪಳಿ ಸಿಗುತ್ತದೆ. ಮೊದಲು ಸರಪಳಿಯ ಆರಂಭವೆಂದು ತೋರಿದ ಕಾರ್ಬನ್ ಈಗ ಬರೀ ಮೀಥೈಲ್ ಕವಲು. ಒಂದು ತುದಿಯಿಂದ ಎಣಿಸಿದರೆ ಎರಡು ಮೀಥೈಲ್‌ಗಳು 3 ಮತ್ತು 5ರಲ್ಲಿ, ಇನ್ನೊಂದು ತುದಿಯಿಂದ 2 ಮತ್ತು 4ರಲ್ಲಿ. ಚಿಕ್ಕ ಅಂಕೆಗಳಿಗೆ ಆದ್ಯತೆ. ಆದ್ದರಿಂದ ಸರಿಯಾದ ಹೆಸರು 2,4-ಡೈಮೀಥೈಲ್‌ಹೆಕ್ಸೇನ್. ಸರಪಳಿಯ ಎರಡನೆಯ ಕಾರ್ಬನ್‌ನಲ್ಲಿ ಈಥೈಲ್ ಕವಲಿರುವ ಸಾದಾ ಆಲ್ಕೇನ್ ಹೆಸರು ಎಲ್ಲಿ ಕಂಡರೂ ಸಂಶಯಪಡಬೇಕು, ಏಕೆಂದರೆ ಅಲ್ಲಿ ಯಾವಾಗಲೂ ಇನ್ನೂ ಉದ್ದದ ಸರಪಳಿ ಅಡಗಿರುತ್ತದೆ.

ಚಿಕ್ಕ ಅಂಕೆ ಎಂಬುದರಲ್ಲೂ ಒಂದು ಸೂಕ್ಷ್ಮವಿದೆ. ಅಂಕೆಗಳ ಮೊತ್ತವನ್ನು ನೋಡುವುದಲ್ಲ. ಎರಡು ಎಣಿಕೆಗಳನ್ನು ಎಡದಿಂದ ಹೋಲಿಸುತ್ತ ಹೋಗಿ ಮೊದಲು ವ್ಯತ್ಯಾಸ ಬರುವ ಜಾಗದಲ್ಲಿ ಯಾವುದು ಚಿಕ್ಕದೋ ಅದನ್ನು ಆರಿಸಬೇಕು. ಹತ್ತು ಕಾರ್ಬನ್‌ಗಳ ಸರಪಳಿಯಲ್ಲಿ ಮೂರು ಮೀಥೈಲ್‌ಗಳು ಒಂದು ಕಡೆಯಿಂದ 2, 7, 8 ಎಂದೂ ಇನ್ನೊಂದು ಕಡೆಯಿಂದ 3, 4, 9 ಎಂದೂ ಬಂದರೆ, ಮೊತ್ತ ಹೆಚ್ಚಿದ್ದರೂ 2,7,8 ಎಂಬುದೇ ಸರಿ. ಕವಲುಗಳನ್ನು ಬರೆಯುವ ಅನುಕ್ರಮ ರೋಮನ್ ಅಕ್ಷರಮಾಲೆಯದು, ಡೈ, ಟ್ರೈ ಮುಂತಾದ ಸಂಖ್ಯಾಸೂಚಕಗಳನ್ನು ಅದರಲ್ಲಿ ಪರಿಗಣಿಸುವುದಿಲ್ಲ. ಕನ್ನಡದಲ್ಲಿ ಬರೆಯುವಾಗಲೂ ಈ ಅನುಕ್ರಮವನ್ನೇ ಉಳಿಸಿಕೊಳ್ಳಬೇಕು: ನಮ್ಮ ವರ್ಣಮಾಲೆಯಲ್ಲಿ ಕ್ಲೋರೋ ಮೊದಲು ಬಂದು ಬ್ರೋಮೋ ಆಮೇಲೆ ಬಂದರೂ, ಹೆಸರು 2-ಬ್ರೋಮೋ-3-ಕ್ಲೋರೋಬ್ಯೂಟೇನ್ ಎಂದೇ ಆಗುತ್ತದೆ. ಎರಡು ತುದಿಗಳಿಂದಲೂ ಅಂಕೆಗಳು ಸಮವಾದಾಗ ಅನುಕ್ರಮದಲ್ಲಿ ಮೊದಲು ಬರುವ ಗುಂಪಿಗೆ ಚಿಕ್ಕ ಅಂಕೆ ಸಿಗುತ್ತದೆ.

ಕ್ರಿಯಾ ಗುಂಪು ಬಂದರೆ ಆಟದ ನಿಯಂತ್ರಣ ಅದರ ಕೈಗೆ ಹೋಗುತ್ತದೆ. ಮುಖ್ಯ ಸರಪಳಿ ಅದನ್ನು ಒಳಗೊಂಡಿರಬೇಕು, ಚಿಕ್ಕ ಅಂಕೆ ಅದಕ್ಕೇ ಸಲ್ಲಬೇಕು. ಐದು ಕಾರ್ಬನ್‌ಗಳ ಸರಪಳಿಯಲ್ಲಿ ಒಂದು ತುದಿಯಿಂದ ಎರಡನೆಯದರಲ್ಲಿ, ಎಥನಾಲ್‌ನಲ್ಲಿರುವಂತೆ ಆಕ್ಸಿಜನ್‌ಗೆ ಹೈಡ್ರೋಜನ್ ಅಂಟಿದ ಹೈಡ್ರಾಕ್ಸಿ ಗುಂಪೂ ಇನ್ನೊಂದು ತುದಿಯಿಂದ ಎರಡನೆಯದರಲ್ಲಿ ಮೀಥೈಲ್ ಗುಂಪೂ ಇದ್ದರೆ ಅದು 4-ಮೀಥೈಲ್‌ಪೆಂಟಾನ್-2-ಓಲ್. ಒಂದಕ್ಕಿಂತ ಹೆಚ್ಚು ಬಗೆಯ ಗುಂಪುಗಳಿದ್ದರೆ ಅವುಗಳಲ್ಲೂ ಹಿರಿತನವುಂಟು. ಕಾರ್ಬಾಕ್ಸಿಲಿಕ್ ಆಮ್ಲ ಎಲ್ಲರಿಗಿಂತ ಮೇಲೆ, ಆಮೇಲೆ ಎಸ್ಟರ್, ಅಮೈಡ್, ನೈಟ್ರೈಲ್, ಆಲ್ಡಿಹೈಡ್, ಕೀಟೋನ್, ಆಲ್ಕೋಹಾಲ್, ಅಮೀನ್ ಎಂದು ಸಾಲು ಇಳಿಯುತ್ತದೆ. ಹಿರಿಯದಕ್ಕೆ ಮಾತ್ರ ಅಂತ್ಯಪ್ರತ್ಯಯದ ಗೌರವ, ಉಳಿದವು ಪೂರ್ವಪ್ರತ್ಯಯಗಳಾಗಿ ಮುಂದೆ ಕೂರುತ್ತವೆ. ಲ್ಯಾಕ್ಟಿಕ್ ಆಮ್ಲದಲ್ಲಿ ಹೈಡ್ರಾಕ್ಸಿ ಗುಂಪಿದ್ದರೂ ಅದರ ಹೆಸರು ಓಲ್‌ನಿಂದ ಮುಗಿಯದೆ 2-ಹೈಡ್ರಾಕ್ಸಿಪ್ರೋಪನೋಯಿಕ್ ಆಮ್ಲ ಎಂದಾಗುವುದು ಹೀಗೆ.

ನಿಯಮಗಳು ಕಲ್ಲಿನಲ್ಲಿ ಕೆತ್ತಿದವಲ್ಲ. ದ್ವಿಬಂಧವನ್ನು ಒಳಗೊಂಡ ಸರಪಳಿಯೇ ಮುಖ್ಯ, ಅದಕ್ಕಿಂತ ಉದ್ದದ್ದು ಬೇರೆ ಇದ್ದರೂ ಲೆಕ್ಕವಿಲ್ಲ ಎಂದು ಅನೇಕ ಪಠ್ಯಪುಸ್ತಕಗಳು ಕಲಿಸುತ್ತವೆ. 2013ರ ಐಯುಪಿಎಸಿ ಶಿಫಾರಸುಗಳಲ್ಲಿ ಉದ್ದಕ್ಕೇ ಮೊದಲ ಸ್ಥಾನ. ಅಸಿಟಿಕ್ ಆಮ್ಲ, ಅಸಿಟೋನ್‌ನಂಥ ಹಳೆಯ ಹೆಸರುಗಳೂ ಪ್ರಯೋಗಾಲಯದಿಂದ ಹೊರಟುಹೋಗಿಲ್ಲ. ಎಥನೋಯಿಕ್ ಆಮ್ಲ ಎಂದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆದವರೇ ಸೀಸೆಯ ಮೇಲೆ ಅಸಿಟಿಕ್ ಆಮ್ಲ ಎಂದು ಬರೆಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಹೆಸರಿನಿಂದ ರಚನೆಗೆ ಹೋಗುವ ಅಭ್ಯಾಸವನ್ನು ಒಂದು ದೊಡ್ಡ ಹೆಸರಿನಲ್ಲಿ ಮಾಡಿನೋಡಬಹುದು. ನೋವು ನಿವಾರಕವಾದ ಐಬುಪ್ರೊಫೇನ್‌ನ ವ್ಯವಸ್ಥಿತ ಹೆಸರು 2-[4-(2-ಮೀಥೈಲ್‌ಪ್ರೋಪೈಲ್)ಫೀನೈಲ್]ಪ್ರೋಪನೋಯಿಕ್ ಆಮ್ಲ. ಇಂಥ ಹೆಸರನ್ನು ಕೊನೆಯಿಂದ ಓದಬೇಕು. ಪ್ರೋಪನೋಯಿಕ್ ಆಮ್ಲ ಎಂದರೆ ಮೂರು ಕಾರ್ಬನ್‌ಗಳ ಸರಪಳಿ, ಅದರ ಮೊದಲ ಕಾರ್ಬನ್ನೇ ಆಮ್ಲದ ಗುಂಪಿನದು. ಎರಡನೆಯ ಕಾರ್ಬನ್‌ಗೆ ಚೌಕ ಆವರಣದಲ್ಲಿರುವುದೆಲ್ಲ ಅಂಟಿದೆ. ಅದು ಫೀನೈಲ್, ಅಂದರೆ ಬೆಂಜೀನ್ ಉಂಗುರ. ಸರಪಳಿಗೆ ಅಂಟಿದ ಜಾಗವನ್ನು 1 ಎಂದುಕೊಂಡರೆ ಎದುರಿನ 4ನೆಯ ಜಾಗದಲ್ಲಿ ಒಳ ಆವರಣದ ಗುಂಪು. ಆ ಗುಂಪು ಮೂರು ಕಾರ್ಬನ್‌ಗಳ ಪ್ರೋಪೈಲ್, ಅದರ ಎರಡನೆಯ ಕಾರ್ಬನ್‌ನಲ್ಲಿ ಒಂದು ಮೀಥೈಲ್. ಕಾರ್ಬನ್‌ಗಳನ್ನು ಕೂಡಿದರೆ ಮೂರು, ಆರು, ನಾಲ್ಕು, ಒಟ್ಟು ಹದಿಮೂರು. ಹೈಡ್ರೋಜನ್ 18, ಹದಿಮೂರು ಕಾರ್ಬನ್‌ಗಳಿಗೆ ಸಲ್ಲುವ 28ಕ್ಕಿಂತ ಹತ್ತು ಕಡಿಮೆ, ಅಂದರೆ ಉಂಗುರ ಮತ್ತು ಪೈ ಬಂಧಗಳು ಐದು. ಬೆಂಜೀನ್ ಉಂಗುರದ ನಾಲ್ಕು ಮತ್ತು ಆಮ್ಲದ ಗುಂಪಿನಲ್ಲಿ ಕಾರ್ಬನ್ ಹಾಗೂ ಆಕ್ಸಿಜನ್ ನಡುವಿನ ಒಂದು, ಲೆಕ್ಕ ಸರಿಹೋಯಿತು.

ಜೋಡಣೆ ಒಂದೇ ಆದರೂ ಬೇರೆ

ಯಾವುದು ಯಾವುದಕ್ಕೆ ಅಂಟಿದೆ ಎಂದು ಹೇಳಿದ ಮೇಲೂ ಕೆಲವೊಮ್ಮೆ ಹೆಸರು ಪೂರ್ತಿಯಾಗುವುದಿಲ್ಲ. ಬ್ಯೂಟ್-2-ಈನ್‌ಡೈಯೋಯಿಕ್ ಆಮ್ಲ ಎಂಬ ಹೆಸರಿಗೆ ಎರಡು ವಸ್ತುಗಳು ಹೊಂದುತ್ತವೆ. ದ್ವಿಬಂಧದ ಎರಡು ಕಾರ್ಬನ್‌ಗಳಿಗೂ ಒಂದೊಂದು ಆಮ್ಲದ ಗುಂಪಿದೆ. ತಿರುಗಲಾಗದ ದ್ವಿಬಂಧದಿಂದಾಗಿ ಆ ಗುಂಪುಗಳು ಒಂದೇ ಬದಿಯಲ್ಲಿ ಇಲ್ಲವೇ ವಿರುದ್ಧ ಬದಿಗಳಲ್ಲಿ ಸಿಕ್ಕಿಬಿದ್ದಿವೆ. ಒಂದೇ ಬದಿಯವು ಮಲೇಯಿಕ್ ಆಮ್ಲ: ಕಾಯಿಸಿದರೆ ಎರಡು ಗುಂಪುಗಳು ನೀರನ್ನು ಕಳೆದುಕೊಂಡು ಸುಲಭವಾಗಿ ಉಂಗುರವಾಗುತ್ತವೆ. ವಿರುದ್ಧ ಬದಿಗಳದ್ದು ಫ್ಯೂಮರಿಕ್ ಆಮ್ಲ: ಗುಂಪುಗಳು ಪರಸ್ಪರ ಎಟುಕದೆ ಅದು ಹಾಗೆ ಸುಲಭವಾಗಿ ಉಂಗುರ ಕಟ್ಟುವುದಿಲ್ಲ. ಹೆಸರಿನ ಮುಂದೆ ಮೊದಲನೆಯದಕ್ಕೆ ಜಡ್, ಎರಡನೆಯದಕ್ಕೆ ಇ ಎಂಬ ಗುರುತನ್ನು ಸೇರಿಸಿ ಈ ವ್ಯತ್ಯಾಸವನ್ನು ತಿಳಿಸುತ್ತಾರೆ.

ಇನ್ನೊಂದು ಬಗೆ ಚತುಷ್ಫಲಕದಿಂದಲೇ ಹುಟ್ಟುತ್ತದೆ. ಒಂದು ಕಾರ್ಬನ್‌ಗೆ ನಾಲ್ಕು ಬೇರೆಬೇರೆ ಗುಂಪುಗಳು ಅಂಟಿದ್ದರೆ ಅವನ್ನು ಎರಡು ಬಗೆಯಲ್ಲಿ ಜೋಡಿಸಬಹುದು. ಎಡಗೈ ಬಲಗೈಗಳಂತೆ ಅವು ಒಂದರ ಕನ್ನಡಿಬಿಂಬ ಇನ್ನೊಂದು, ಆದರೆ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಲೂಯಿ ಪಾಶ್ಚರ್ 1848ರಲ್ಲಿ ಟಾರ್ಟಾರಿಕ್ ಆಮ್ಲದ ಲವಣವೊಂದರ ಹರಳುಗಳನ್ನು ಕೈಯಿಂದಲೇ ಆರಿಸಿ ಇಂಥ ಎರಡು ಬಗೆಗಳನ್ನು ಬೇರ್ಪಡಿಸಿದ್ದರು. ಐಬುಪ್ರೊಫೇನ್‌ನ ಎರಡನೆಯ ಕಾರ್ಬನ್ ಅಂಥದ್ದೇ: ಅದಕ್ಕೆ ಹೈಡ್ರೋಜನ್, ಮೀಥೈಲ್, ಆಮ್ಲದ ಗುಂಪು ಮತ್ತು ಫೀನೈಲ್ ಉಂಗುರ ಅಂಟಿವೆ. ಆರ್ ಮತ್ತು ಎಸ್ ಎಂದು ಗುರುತಿಸುವ ಎರಡು ರೂಪಗಳಲ್ಲಿ ನೋವು ತಗ್ಗಿಸುವ ಕೆಲಸ ಮುಖ್ಯವಾಗಿ ಎಸ್ ರೂಪದ್ದು. ಮಾತ್ರೆಗಳಲ್ಲಿ ಸಾಮಾನ್ಯವಾಗಿ ಎರಡೂ ಬೆರೆತಿರುತ್ತವೆ, ಆದರೆ ದೇಹದಲ್ಲಿ ಆರ್ ರೂಪದ ಒಂದು ಪಾಲು ಎಸ್ ಆಗಿ ಬದಲಾಗುತ್ತದೆ.

ಒಂದೇ ಚಿತ್ರಕ್ಕೆ ಒಗ್ಗದ ಬೆಂಜೀನ್

ಮೈಕೆಲ್ ಫ್ಯಾರಡೆ 1825ರಲ್ಲಿ ಬೇರ್ಪಡಿಸಿದ ಬೆಂಜೀನ್‌ಗೆ ಕೆಕುಲೆ 1865ರಲ್ಲಿ ಆರು ಕಾರ್ಬನ್‌ಗಳ ಉಂಗುರದ ರಚನೆಯನ್ನು ಸೂಚಿಸಿದರು. ಅದರಲ್ಲಿ ಏಕಬಂಧ ದ್ವಿಬಂಧಗಳು ಒಂದು ಬಿಟ್ಟು ಒಂದರಂತೆ ಬರುತ್ತವೆ, ಪ್ರತಿ ಕಾರ್ಬನ್‌ಗೆ ನಾಲ್ಕು ಬಂಧಗಳೆಂಬ ಲೆಕ್ಕವೂ ಸರಿಹೊಂದುತ್ತದೆ. ಆದರೆ ಎಣಿಕೆ ತಕರಾರು ಮಾಡಿತು. ಅಕ್ಕಪಕ್ಕದ ಎರಡು ಕಾರ್ಬನ್‌ಗಳಿಗೆ ಒಂದೊಂದು ಮೀಥೈಲ್ ಅಂಟಿಸಿದರೆ, ಆ ಎರಡರ ನಡುವೆ ಏಕಬಂಧವಿರುವ ಒಂದು ವಸ್ತುವೂ ದ್ವಿಬಂಧವಿರುವ ಇನ್ನೊಂದು ವಸ್ತುವೂ ಸಿಗಬೇಕು. 1,2-ಡೈಮೀಥೈಲ್‌ಬೆಂಜೀನ್ ಸಿಗುವುದು ಒಂದೇ. ಕೆಕುಲೆ 1872ರಲ್ಲಿ, ಬಂಧಗಳು ಎರಡು ಸ್ಥಿತಿಗಳ ನಡುವೆ ವೇಗವಾಗಿ ಅತ್ತಿತ್ತ ಬದಲಾಗುತ್ತಿರಬೇಕು ಎಂದು ಊಹಿಸಿದರು.

ಊಹೆ ಹತ್ತಿರ ಬಂದಿತ್ತು, ಪೂರ್ತಿ ಸರಿಯಾಗಿರಲಿಲ್ಲ. ಕ್ಯಾಥ್ಲೀನ್ ಲಾನ್ಸ್‌ಡೇಲ್ 1929ರಲ್ಲಿ ಹೆಕ್ಸಾಮೀಥೈಲ್‌ಬೆಂಜೀನ್ ಹರಳನ್ನು ಎಕ್ಸ್-ಕಿರಣಗಳಿಂದ ಪರೀಕ್ಷಿಸಿ ಬೆಂಜೀನ್ ಉಂಗುರ ಸಪಾಟಾದ ಸಮ ಷಡ್ಭುಜ ಎಂದು ತೋರಿಸಿದರು. ಬೆಂಜೀನ್‌ನ ಆರೂ ಬಂಧಗಳ ಉದ್ದ ಸುಮಾರು 139 ಪಿಕೋಮೀಟರ್. ಏಕಬಂಧದ 154 ಮತ್ತು ದ್ವಿಬಂಧದ 134, ಎರಡೂ ಅಲ್ಲ. ಬಂಧಗಳು ಅತ್ತಿತ್ತ ನೆಗೆಯುತ್ತಿಲ್ಲ. ಆರು ಕಾರ್ಬನ್‌ಗಳ ಆರು ಪಿ ಕಕ್ಷಕಗಳು ಸುತ್ತಲೂ ಸಮನಾಗಿ ಸೇರಿಕೊಂಡು, ಆರು ಪೈ ಎಲೆಕ್ಟ್ರಾನ್‌ಗಳು ಯಾವ ಜೋಡಿ ಕಾರ್ಬನ್‌ಗೂ ಸೀಮಿತವಾಗದೆ ಇಡೀ ಉಂಗುರದ ಮೇಲೂ ಕೆಳಗೂ ಹರಡಿಕೊಂಡಿವೆ. ಹಾಗೆ ಹರಡಿಕೊಂಡದ್ದರ ಲಾಭವನ್ನು ಅಳೆಯಲೂ ಬಹುದು. ಆರು ಕಾರ್ಬನ್‌ಗಳ ಉಂಗುರದಲ್ಲಿ ಒಂದೇ ದ್ವಿಬಂಧವಿರುವ ಸೈಕ್ಲೋಹೆಕ್ಸೀನ್‌ಗೆ ಹೈಡ್ರೋಜನ್ ಸೇರಿಸಿದಾಗ ಮೋಲ್‌ಗೆ ಸುಮಾರು 120 ಕಿಲೋಜೂಲ್ ಶಾಖ ಹೊರಬರುತ್ತದೆ. ಮೂರು ದ್ವಿಬಂಧಗಳಿಗೆ 360 ಬರಬೇಕಿತ್ತು. ಬೆಂಜೀನ್ ಕೊಡುವುದು 208. ಉಳಿದ ಸುಮಾರು 152 ಕಿಲೋಜೂಲ್‌ಗಳಷ್ಟು ಅದು ಮೊದಲೇ ಸ್ಥಿರವಾಗಿದೆ. ಆದ್ದರಿಂದಲೇ ಬೆಂಜೀನ್ ಈಥೀನ್‌ನಂತೆ ಬ್ರೋಮಿನ್ನನ್ನು ತನ್ನ ಪೈ ಬಂಧಕ್ಕೆ ಸೇರಿಸಿಕೊಳ್ಳುವುದಿಲ್ಲ. ಕಬ್ಬಿಣದ ಬ್ರೋಮೈಡ್‌ನಂಥ ವೇಗವರ್ಧಕವನ್ನು ಕೊಟ್ಟು ಒತ್ತಾಯಿಸಿದರೂ, ಒಂದು ಹೈಡ್ರೋಜನ್‌ನ ಜಾಗಕ್ಕೆ ಒಂದು ಬ್ರೋಮಿನ್ ತೆಗೆದುಕೊಂಡು ತನ್ನ ಉಂಗುರವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ.

ನಾಮಕರಣದ ನಿಯಮಗಳನ್ನು ಕೆಕುಲೆಯ ಚಿತ್ರಕ್ಕೆ ಅನ್ವಯಿಸಿದರೆ ಬರುವ ಹೆಸರು ಸೈಕ್ಲೋಹೆಕ್ಸಾ-1,3,5-ಟ್ರೈಈನ್. ಐಯುಪಿಎಸಿ ಹಾಗೆ ಮಾಡದೆ ಬೆಂಜೀನ್ ಎಂಬ ಹೆಸರನ್ನೇ ಉಳಿಸಿಕೊಂಡಿದೆ. ಚಿತ್ರದಲ್ಲಿ ಷಡ್ಭುಜದೊಳಗೆ ಒಂದು ವೃತ್ತವನ್ನು ಬರೆದು ಎಲೆಕ್ಟ್ರಾನ್‌ಗಳ ಹರಡುವಿಕೆಯನ್ನು ಸೂಚಿಸುವ ರೂಢಿಯಿದೆ. ಆದರೂ ಕ್ರಿಯೆಗಳ ಹಂತಗಳನ್ನು ಬರೆಯುವವರು ಮೂರು ದ್ವಿಬಂಧಗಳ ಹಳೆಯ ಚಿತ್ರವನ್ನೇ ಬಳಸುತ್ತಾರೆ, ಏಕೆಂದರೆ ವೃತ್ತದಲ್ಲಿ ಎಲೆಕ್ಟ್ರಾನ್‌ಗಳನ್ನು ಎಣಿಸಲಾಗುವುದಿಲ್ಲ. ಗೆರೆಗಳಲ್ಲಿ ಪ್ರತಿ ಗೆರೆಗೆ ಎರಡರಂತೆ ಎಣಿಸಿ, ಅವು ಯಾವ ಹಂತದಲ್ಲಿ ಎಲ್ಲಿಂದ ಎಲ್ಲಿಗೆ ಸರಿದವು ಎಂದು ಬಾಣ ಹಾಕಿ ತೋರಿಸಬಹುದು.